ಕೂಲಿಯವಳ ಬಾಣಂತನ

(ಕೃಷಿ ಕೂಲಿಕಾರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪಕ್ಷದ ಸಭೆಯೆಂದರೆ ಭೂಮಿ, ಕೂಲಿ, ರೇಷನ್ ಕಾರ್ಡುಗಳ ಮಾತು ಕೇಳಿ ನಿಮಗೆ ರೂಢಿ. ಇಂದು ಬಾಣಂತನದ ವಿಷಯ ಮಾತನಾಡುತ್ತೇನೆ ಎಂದ ಕೂಡಲೇ ಹಿಂದಿನ ಸಾಲಿನ ನಾಲ್ಕಾರು ಗಂಡಸರು ಬೀಡಿಯ ನೆಪದಲ್ಲಿ ಎದ್ದದ್ದನ್ನು ನೋಡಿದೆ. ಅವರು ದಯವಿಟ್ಟು ಬಂದು ಕೂರಬೇಕು. ಈ ಭಾಷಣದ ಅರ್ಧ ಅವರಿಗಾಗಿಯೇ ಇದೆ.

ಪಕ್ಷದ ಕೆಲಸಕ್ಕೆ ಬರುವ ಮುನ್ನ ನಾನು ಶಾಲೆಯ ಮೇಷ್ಟ್ರಾಗಿದ್ದವನು. ಒಂದು ವರ್ಷ ನಾಟಿಯ ಕಾಲದಲ್ಲಿ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಹತ್ತು ದಿನ ಸತತವಾಗಿ ಗೈರುಹಾಜರಾದಳು. ವಿಚಾರಿಸಲೆಂದು ಮನೆಗೆ ಹೋದೆ. ಹುಡುಗಿ ಒಲೆಯ ಮುಂದೆ ಕೂತು ಗಂಜಿ ಬೇಯಿಸುತ್ತಿದ್ದಳು. ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಎಳೆಗೂಸು. ತಾಯಿ ಎಲ್ಲಿ ಎಂದು ಕೇಳಿದೆ. "ಸಸಿ ನೆಡಕ್ಕೆ ಹೋಗಿದಾಳೆ ಸಾರ್, ಮಧ್ಯಾಹ್ನ ಹಾಲು ಕುಡಿಸಕ್ಕೆ ಬತ್ತಾಳೆ" ಎಂದಳು. ಹೆತ್ತು ಹನ್ನೊಂದು ದಿನವಾಗಿತ್ತು. ತಾಯಿಯ ಬಾಣಂತನ, ಮಗುವಿನ ಪಾಲನೆ ಎರಡೂ ಆ ಹತ್ತು ವರ್ಷದ ಹುಡುಗಿಯ ತಲೆಯ ಮೇಲೆ ಬಿದ್ದಿದ್ದವು. ಅದೇ ಊರಿನ ದೊಡ್ಡ ಮನೆಯಲ್ಲಿ ಮಗಳ ಬಾಣಂತನ ಮೂರನೆಯ ತಿಂಗಳಿಗೆ ಕಾಲಿಟ್ಟಿತ್ತು. ಎಣ್ಣೆ ತಿಕ್ಕಲು ಒಬ್ಬಳು, ಬಿಸಿನೀರು ಹೊಯ್ಯಲು ಒಬ್ಬಳು. ಆ ಮನೆಯವರನ್ನು ನಾನು ದೂರುವುದಿಲ್ಲ. ಅವರ ಮಗಳಿಗೆ ಸಿಕ್ಕಿದ ಆರೈಕೆ ಸರಿಯಾದದ್ದೇ. ಜೋಲಿಯ ಮನೆಯವಳಿಗೆ ಏಕೆ ಸಿಗಲಿಲ್ಲ ಎಂಬುದು ನನ್ನ ಪ್ರಶ್ನೆ.

ಹೆತ್ತವಳ ದೇಹದಲ್ಲಿ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯೋಣ. ಹೆರಿಗೆಯಾದ ಕ್ಷಣದಲ್ಲಿ ಗರ್ಭಕೋಶದ ತೂಕ ಸುಮಾರು ಒಂದು ಕಿಲೋ. ಅದು ಕುಗ್ಗುತ್ತಾ ಬಂದು ಹೆಚ್ಚುಕಡಿಮೆ ಆರು ವಾರಗಳಲ್ಲಿ ೬೦-೭೦ ಗ್ರಾಮಿಗೆ ಇಳಿಯುತ್ತದೆ. ಮಾಸು ಕಿತ್ತುಬಂದ ಜಾಗ ಒಳಗೆ ಹಸಿ ಗಾಯವಾಗಿಯೇ ಇರುತ್ತದೆ. ಅದು ಮಾಯುವವರೆಗೆ ಸ್ರಾವ ಹೋಗುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಬಿಳಿ. ತಳದ ಸ್ನಾಯುಗಳು ಸಡಿಲವಾಗಿರುತ್ತವೆ. ಅಂಗೈಯಲ್ಲಿ ಅಷ್ಟು ಗಾಯವಾದರೆ ಗಂಡಸು ಕೊಡಲಿ ಮುಟ್ಟುವುದಿಲ್ಲ. ಈ ಗಾಯ ಕಣ್ಣಿಗೆ ಕಾಣುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವಳ ತಲೆಯ ಮೇಲೆ ಹೊರೆ ಹೊರಿಸುತ್ತೇವೆ.

ಈ ಮಾತು ಹೇಳಿದಾಗಲೆಲ್ಲ ಯಾರಾದರೂ ಹಿರಿಯ ತಾಯಿ, "ನಾವು ಹೆತ್ತ ವಾರಕ್ಕೇ ಗದ್ದೆಗಿಳಿದೋರು ಮೇಷ್ಟ್ರೇ, ನಮಗೇನಾತು?" ಎಂದು ಕೇಳುತ್ತಾರೆ. ಏನಾಯಿತೆಂಬುದನ್ನು ನನ್ನ ಮುಂದೆ ಹೇಳಬೇಡಿ, ನಿಮ್ಮ ಸೊಸೆಯಂದಿರಿಗೆ ಹೇಳಿ. ಕೆಮ್ಮಿದರೆ ಮೂತ್ರ ನಿಲ್ಲದಿರುವುದು, ಗರ್ಭಕೋಶ ಜಾರಿ ಕೂರಲಾಗದಿರುವುದು, ನಡುನೋವು, ಇವನ್ನೆಲ್ಲ ಹೆಣ್ಣು ಜನ್ಮದ ಕರ್ಮವೆಂದು ನುಂಗಿಕೊಂಡವರು ಎಷ್ಟು ಮಂದಿ! ಸಡಿಲವಾದ ಸ್ನಾಯುಗಳ ಮೇಲೆ ಬೇಗನೆ ಭಾರ ಬಿದ್ದರೆ ಗರ್ಭಕೋಶ ಜಾರುವ ಅಪಾಯ ಹೆಚ್ಚು. ಇನ್ನು ಉಳಿಯದೇ ಹೋದವರು ಸಭೆಗೆ ಬಂದು ಸಾಕ್ಷಿ ಹೇಳಲಾರರು.

ನಮ್ಮ ಹಿರಿಯರು ಕಟ್ಟಿದ ಬಾಣಂತನದ ಪದ್ಧತಿಯನ್ನು ಪೂರಾ ಮೌಢ್ಯವೆಂದು ತಳ್ಳುವ ವಿದ್ಯಾವಂತರೊಡನೆ ನನಗೆ ಒಪ್ಪಿಗೆಯಿಲ್ಲ. ನಲವತ್ತು ದಿನದ ವಿಶ್ರಾಂತಿ, ಎಣ್ಣೆ ನೀರು, ಮೆಂತ್ಯ, ಕೊಬ್ಬರಿ ಬೆಲ್ಲ, ಅಂಟಿನುಂಡೆ ಇವುಗಳಲ್ಲಿ ಬಹಳ ವಿವೇಕವಿದೆ. ಆದರೆ ಬಿಡಬೇಕಾದದ್ದೂ ಇದೆ. ಬಾಣಂತಿ ನೀರು ಕುಡಿದರೆ ಶೀತ, ಹೊಟ್ಟೆ ಬರುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ನೀರು ಅಳೆದು ಕೊಡುವ ಮನೆಗಳಿವೆ. ಹಾಲೂಡುವವಳಿಗೆ ಇದು ಶಿಕ್ಷೆ. ಬಾಯಾರಿದಾಗಲೆಲ್ಲ ಕಾಯಿಸಿ ಆರಿಸಿದ ನೀರು ಕೊಡಿ. ಪಥ್ಯವೆಂದು ಬೇಳೆ, ಸೊಪ್ಪು, ಮೊಟ್ಟೆ, ಹಣ್ಣು ಬಿಡಿಸಿ ಅನ್ನ ಮೆಣಸಿನ ಸಾರಿನ ಮೇಲೆ ಅವಳನ್ನು ಇಡುತ್ತಾರೆ. ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ಮೊದಲಿಗಿಂತ ದಿನಕ್ಕೆ ಸುಮಾರು ೬೦೦ ಕ್ಯಾಲೊರಿ ಹೆಚ್ಚು ಆಹಾರ ಬೇಕು. ಅಂದರೆ ಹತ್ತಿರ ಹತ್ತಿರ ಒಂದು ಊಟ ಹೆಚ್ಚಿಗೆ. ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ತಾಯಿಗೂ ಕೂಸಿಗೂ ಕೆಡುಕು. ಮುಚ್ಚಿದ ಕೋಣೆಯ ಕೆಂಡ ಜೀವವನ್ನೂ ತೆಗೆದೀತು. ಮೊದಲ ಹಾಲನ್ನು ಹಿಂಡಿ ಚೆಲ್ಲುವುದಂತೂ ಕೂಡದು. ಹುಟ್ಟಿದ ಒಂದು ಗಂಟೆಯೊಳಗೆ ಅದೇ ಹಾಲು ಕೂಸಿನ ಬಾಯಿಗೆ ಹೋಗಬೇಕು.

ಮುಟ್ಟುವ ಮುಂಚೆ ಕೈ ತೊಳೆಯಿರಿ ಎಂದರೆ ನಗುವವರಿದ್ದಾರೆ. ೧೮೪೭ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಒಂದು ವಿಚಿತ್ರ ಕಂಡರು. ಸೂಲಗಿತ್ತಿಯರು ಕಲಿಯುವ ವಾರ್ಡಿಗಿಂತ ವೈದ್ಯ ವಿದ್ಯಾರ್ಥಿಗಳು ಕಲಿಯುವ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಹೆಚ್ಚಾಗಿ ಸಾಯುತ್ತಿದ್ದರು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ್ದೇ ತಡ, ಸಾವು ಥಟ್ಟನೆ ಇಳಿಯಿತು. ದೊಡ್ಡ ಡಾಕ್ಟರುಗಳು ಅವರ ಮಾತನ್ನು ಬಹುಕಾಲ ಒಪ್ಪಲಿಲ್ಲವೆಂಬುದು ಬೇರೆ ಕಥೆ.

ಈಗ ಹೇಳುವುದನ್ನು ಗಂಡಸರು ಗಮನವಿಟ್ಟು ಕೇಳಬೇಕು, ಏಕೆಂದರೆ ರಾತ್ರಿ ಹೊತ್ತಿನಲ್ಲಿ ಗಾಡಿ ಕರೆಯುವವರು ನೀವು. ಹೆರಿಗೆಯ ನಂತರದ ಸಾವುಗಳಿಗೆ ಅತಿದೊಡ್ಡ ಕಾರಣ ರಕ್ತಸ್ರಾವ. ಮೊದಲ ಇಪ್ಪತ್ತನಾಲ್ಕು ಗಂಟೆ ಬಹಳ ಅಪಾಯದ ಕಾಲ. ಆದುದರಿಂದ ಸುಖ ಹೆರಿಗೆಯಾದರೂ ಎರಡು ದಿನ ಆಸ್ಪತ್ರೆಯಲ್ಲೇ ಇರಬೇಕು. ಬೇಸರವೆಂದು ಸಂಜೆಗೇ ಕರೆತರಬಾರದು. ಮನೆಗೆ ಬಂದ ಮೇಲೆ ಗಂಟೆಯೊಳಗೆ ದಪ್ಪ ಬಟ್ಟೆ ಪೂರ್ತಿ ನೆನೆದರೆ, ಸ್ರಾವ ನಾರಿದರೆ, ಜ್ವರ ನಡುಕ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಒಂದು ಕಾಲಿನ ಮೀನಖಂಡ ಊದಿ ನೋಯ್ದರೆ, ಉಸಿರು ಕಟ್ಟಿದರೆ ಕಷಾಯ ಕಾಯಿಸುತ್ತ ಕೂರಬೇಡಿ. ೧೦೮ಕ್ಕೆ ಫೋನು ಮಾಡಿ. ಇದು ಹತ್ತನೆಯ ದಿನವೂ ಆಗಬಹುದು, ಮೂವತ್ತನೆಯ ದಿನವೂ ಆಗಬಹುದು.

ಇನ್ನೊಂದಿದೆ. ಕೆಲವರು ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳುತ್ತಾರೆ. ಅದು ಸಾಮಾನ್ಯವಾಗಿ ತಾನೇ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆ ಬಿಟ್ಟು, ಕೂಸಿನ ಮುಖ ನೋಡದೆ, ಸಾಯುವ ಮಾತಾಡಿದರೆ, ಇಲ್ಲದ್ದು ಕಾಣಿಸುತ್ತಿದೆ ಎಂದರೆ, ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿ ಕಾಲ ಕಳೆಯುತ್ತಾರೆ. ಬಾಣಂತಿ ಸನ್ನಿ ಎಂದು ನಮ್ಮವರು ಕರೆಯುವುದರಲ್ಲಿ ಬಹುಪಾಲು ಒಂದೋ ನಂಜೇರಿದ ಜ್ವರ, ಇಲ್ಲವೇ ಮನಸ್ಸಿನ ಕಾಯಿಲೆ. ಎರಡಕ್ಕೂ ಔಷಧವಿದೆ. ಅವಳನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬೀಜ, ಗೊಬ್ಬರ, ಆಳು ಹೊಂದಿಸಿಕೊಳ್ಳದೆ ಯಾರೂ ನಾಟಿಗೆ ಇಳಿಯುವುದಿಲ್ಲ. ಬಾಣಂತನಕ್ಕೂ ಏಳನೆಯ ತಿಂಗಳಲ್ಲೇ ಗಂಡ ಹೆಂಡಿರು ಕೂತು ಮಾತಾಡಬೇಕು. ನೀರು ಹೊರುವವರು ಯಾರು, ಸೌದೆ ತರುವವರು ಯಾರು? ಆರು ವಾರ ಈ ಎರಡೂ ಗಂಡಸಿನ ಕೆಲಸ. ಅಡಿಗೆಗೆ ತವರಿನವರು ಬಾರದಿದ್ದರೆ ಯಾರು? ದೊಡ್ಡ ಮಗಳ ಶಾಲೆ ಬಿಡಿಸಕೂಡದು ಎಂಬುದನ್ನು ಆಗಲೇ ತೀರ್ಮಾನಿಸಿ. ತಾಯಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಒಂದೆಡೆ ಇರಲಿ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ ೩, ೭, ೧೪, ೨೧, ೨೮, ೪೨ನೆಯ ದಿನಗಳಂದು ಬರಬೇಕು, ಬಾರದಿದ್ದರೆ ಕೇಳಿ. ಹೆರಿಗೆಯ ನಂತರ ದಿನಕ್ಕೊಂದರಂತೆ ೧೮೦ ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಅದು ಪುಕ್ಕಟೆ ಸಿಗುತ್ತದೆ, ಬಹಳ ಮನೆಗಳಲ್ಲಿ ಗೂಡಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಮುಂದಿನ ಬಸಿರಿಗೆ ಎರಡು ವರ್ಷವಾದರೂ ಅಂತರವಿರಲಿ.

ಇಷ್ಟೆಲ್ಲ ಕೇಳಿ ನೀವು ಮನಸ್ಸಿನಲ್ಲೇ ಅನ್ನುತ್ತೀರಿ: ಆರು ವಾರ ಕೂತರೆ ಒಲೆ ಹೇಗೆ ಉರಿಯುವುದು? ಇದೇ ನಿಜವಾದ ಪ್ರಶ್ನೆ. ಜೋಲಿಯ ಮನೆಯವಳಿಗೆ ವಿಶ್ರಾಂತಿ ಬೇಕೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಟಿಯ ಕೂಲಿ ತಪ್ಪಿದರೆ ಆ ವರ್ಷ ಮತ್ತೆ ಸಿಗದು ಎಂಬುದೂ ಗೊತ್ತಿತ್ತು.

ನಮ್ಮ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿ ಅಳೆಯುವ ಕೊಳಗದ ಮೇಲೆಯೇ ಹೋರಾಟ ಎದ್ದಿತು. ಇಲ್ಲಿಯೂ ಕೊಳಗ ಎರಡು. ಕಾರ್ಖಾನೆ, ಕಚೇರಿಯ ಹೆಣ್ಣುಮಗಳಿಗೆ ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆ ೧೨ ವಾರದ ಸಂಬಳದ ರಜೆ ಕೊಟ್ಟಿತು. ೨೦೧೭ರಲ್ಲಿ ಮೊದಲೆರಡು ಮಕ್ಕಳಿಗೆ ಅದು ೨೬ ವಾರವಾಯಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ಒಳ್ಳೆಯದೇ. ಗದ್ದೆಯವಳಿಗೆ? ೨೦೧೩ರ ಆಹಾರ ಭದ್ರತಾ ಕಾಯಿದೆ ಪ್ರತಿಯೊಬ್ಬ ಗರ್ಭಿಣಿ, ಬಾಣಂತಿಗೆ ೬೦೦೦ ರೂಪಾಯಿಗೆ ಕಡಿಮೆಯಿಲ್ಲದ ನೆರವು ಎಂದಿತು. ೨೦೧೭ರ ಮಾತೃ ವಂದನಾ ಯೋಜನೆ ಅದನ್ನು ೫೦೦೦ ಮಾಡಿ ಮೊದಲ ಮಗುವಿಗೆ ಮಾತ್ರ ಎಂದಿತು. ೨೦೨೨ರಿಂದ ಎರಡನೆಯದು ಹೆಣ್ಣಾದರೆ ೬೦೦೦. ಆಸ್ಪತ್ರೆಯ ಹೆರಿಗೆಗೆ ಕೊಡುವ ಬೇರೆ ಹಣ ಸೇರಿದರೆ ೬೦೦೦ ತುಂಬುತ್ತದೆಂಬುದು ಸರ್ಕಾರದ ಲೆಕ್ಕ. ನಮ್ಮ ಲೆಕ್ಕ ನೋಡಿ. ೨೬ ವಾರವೆಂದರೆ ೧೮೨ ದಿನ. ೫೦೦೦ವನ್ನು ಹಂಚಿದರೆ ದಿನಕ್ಕೆ ೨೭ ರೂಪಾಯಿ ಚಿಲ್ಲರೆ. ಎರಡನೆಯದು ಗಂಡಾದರೆ ಅದೂ ಇಲ್ಲ. ಎರಡನೆಯ ಹೆರಿಗೆಯ ಗಾಯ ತಾನಾಗಿ ಬೇಗ ಮಾಯುತ್ತದೆಯೇ?

ಬಿಸಿಯೂಟದ ಮಾತೃಪೂರ್ಣ ಯೋಜನೆಯೂ ೨೦೧೭ರಲ್ಲಿ ಬಂತು. ಸದುದ್ದೇಶವೇ. ಆದರೆ ಅಂಗನವಾಡಿಗೆ ಬಂದು ಉಣ್ಣಬೇಕೆಂದರು. ಹೊಸ್ತಿಲು ದಾಟದ ಹಸಿ ಬಾಣಂತಿ ಮಳೆಯಲ್ಲಿ ಕೂಸು ಕಟ್ಟಿಕೊಂಡು ಹಳ್ಳ ದಾಟಿ ಬರುವಳೆಂದು ಯೋಚಿಸಿದವರು ಮಲೆನಾಡಿನ ಆಷಾಢ ಕಂಡವರಲ್ಲ. ಇನ್ನು ಆಸ್ಪತ್ರೆಗಳ ಸ್ಥಿತಿ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಏರಿಸಿದ ದ್ರಾವಣದ ಮೇಲೆಯೇ ಸಂಶಯ ಬಂದು ಅದರ ಬಳಕೆ ನಿಲ್ಲಿಸಬೇಕಾಯಿತು. ಆಸ್ಪತ್ರೆಗೆ ಹೋಗಿರೆಂದು ನಾವು ಊರೂರು ಸುತ್ತಿ ಹೇಳುತ್ತೇವೆ. ಅಲ್ಲಿಯ ಔಷಧಿ ಶುದ್ಧವಾಗಿರಬೇಕಾದದ್ದು ಸರ್ಕಾರದ ಹೊಣೆ.

೧೯೨೮ರಲ್ಲಿಯೇ ಡಾ. ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಮಸೂದೆಯನ್ನು ಬೆಂಬಲಿಸಿ, ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತವೆಂದೂ, ಅದರ ಭಾರವನ್ನು ಬಹುಪಾಲು ಸರ್ಕಾರವೇ ಹೊರಬೇಕೆಂದೂ ವಾದಿಸಿದ್ದರು. ನಮ್ಮ ಬೇಡಿಕೆಯೂ ಅದೇ. ಎಷ್ಟನೆಯ ಹೆರಿಗೆಯಾದರೂ ಪ್ರತಿ ಕೂಲಿಕಾರಳಿಗೆ ೨೬ ವಾರ ಕನಿಷ್ಠ ಕೂಲಿ, ಹೆರಿಗೆಗೆ ಮುಂಚೆಯೇ ಮೊದಲ ಕಂತು, ಬಾಣಂತಿಯ ಮನೆಗೇ ಊಟ. ಇದನ್ನು ಅರ್ಜಿಯಾಗಿ ಬರೆದು ಜಿಲ್ಲಾಧಿಕಾರಿಗಳಿಗೆ ಕೊಡುತ್ತೇವೆ.

ಅದು ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಈ ಕೇರಿಯಲ್ಲಿ ಬರುವ ನಾಟಿಯೊಳಗೆ ಮೂವರು ಹೆರುತ್ತಾರೆಂದು ಹೆಂಗಸರು ಹೇಳಿದರು. ನಾಟಿಗೆ ಮುಯ್ಯಾಳು ಹೋಗುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಬಾಣಂತಿಯ ಮನೆಗೂ ಮುಯ್ಯಾಳು ಹೋಗೋಣ. ಮನೆಗೊಬ್ಬರಂತೆ ಸರದಿಯ ಮೇಲೆ ನೀರು, ಸೌದೆ, ಒಂದು ಹೊತ್ತಿನ ಅಡಿಗೆ. ನೋಟ್‌ಬುಕ್ ಈ ಮೇಜಿನ ಮೇಲಿದೆ. ಸಭೆ ಮುಗಿದ ಕೂಡಲೇ ಹೆಸರು ಬರೆಸಿ, ಬೀಡಿ ಸೇದಲು ಎದ್ದವರು ಮೊದಲು.