ಪಿನ್ನು ಹೊಂದಿದರೆ ಸಾಲದು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)

ಸಭೆಗೆ ಬರುವಾಗ ನಾವು ಜೇಬಿನಲ್ಲಿ ಒಂದು ಸಾಮಾನು ಹಾಕಿಕೊಂಡು ಬಂದಿದ್ದೇವೆ. ಇಗೋ, ಹಿಂದೆ ಕುಳಿತವರಿಗೂ ಕಾಣಲೆಂದು ಎತ್ತಿ ಹಿಡಿಯುತ್ತೇವೆ. ಇದು ಅಡಾಪ್ಟರ್. ನಮ್ಮ ಬಜಾರಿನಲ್ಲಿ ಕನ್ವರ್ಷನ್ ಪ್ಲಗ್ಗು ಎಂದು ಕೇಳಿದರೆ ಕೊಡುತ್ತಾರೆ. ಈ ಕಡೆಯ ತೂತುಗಳು ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗಿಗೆ. ಆ ಕಡೆಯ ಸಣ್ಣ ಪಿನ್ನುಗಳು ಮನೆಯ ದೀಪದ ಬೋರ್ಡಿನಲ್ಲಿರುವ 6 ಆಂಪಿಯರ್ ಸಾಕೆಟ್ಟಿಗೆ. ಇದರ ಒಂದು ಕೆನ್ನೆ ಕರಗಿ ಕಪ್ಪಾಗಿರುವುದನ್ನು ನೋಡಿ. ಹೋದ ತಿಂಗಳು ನಮ್ಮ ಸದಸ್ಯರೊಬ್ಬರ ಬಾಡಿಗೆ ಮನೆಯ ಗೋಡೆಯಿಂದ ಕಿತ್ತು ತಂದದ್ದು ಇದು.

ಆ ಸದಸ್ಯರು ಗಿರಣಿಯ ಕೆಲಸ ಹೋದ ಮೇಲೆ ಸಾಲ ಮಾಡಿ ವಿದ್ಯುತ್ ಆಟೋ ಕೊಂಡವರು. ವಠಾರದಲ್ಲಿ ಆರು ಮನೆ, ಒಂದು ಬಾಗಿಲು. ರಾತ್ರಿ ಹತ್ತಕ್ಕೆ ಗಾಡಿಗೆ ಕರೆಂಟು ಕೊಟ್ಟು ಮಲಗಿದ್ದರು. ನಡುರಾತ್ರಿ ಅವರ ತಾಯಿಗೆ ಸುಟ್ಟ ವಾಸನೆ ಬಂತು. ಆಕೆ ಎದ್ದು ಮೇನ್ ಸ್ವಿಚ್ಚು ಎಳೆದರು. ಗೋಡೆ ಮಸಿಯಾಯಿತೇ ಹೊರತು ಜನಕ್ಕೆ ಏನೂ ಆಗಲಿಲ್ಲ. ಮರುದಿನ ನಾವು ಹೋದಾಗ ಆ ಸದಸ್ಯರು ಒಂದೇ ಮಾತು ಕೇಳಿದರು: "ಪ್ಲಗ್ಗು ಸರಿಯಾಗೇ ಕೂತಿತ್ತಲ್ರೀ, ಫ್ಯೂಸೂ ಹೋಗಲಿಲ್ಲ, ಮತ್ತೆ ಯಾಕೆ ಸುಟ್ಟಿತು?"

ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನಮ್ಮ ಭಾಷಣ. ಉತ್ತರದ ಅರ್ಧ ವಿದ್ಯುಚ್ಛಕ್ತಿಯ ವಿಷಯ, ಇನ್ನರ್ಧ ದುಡ್ಡಿನ ವಿಷಯ.

ಮೊದಲು ಒಂದು ಲೆಕ್ಕ. ಪ್ರತಿ ಚಾರ್ಜರಿನ ಬೆನ್ನ ಮೇಲೂ ಎಷ್ಟು ವಾಟು ಎಂದು ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿ, ಬಂದದ್ದು ಆಂಪಿಯರು. 750 ವಾಟಿನ ಸ್ಕೂಟರ್ ಚಾರ್ಜರು ಎಳೆಯುವುದು ಮೂರು ಆಂಪಿಯರಿಗಿಂತ ತುಸು ಹೆಚ್ಚು. ಮೂರು ಸಾವಿರ ವಾಟಿನ ಆಟೋ ಚಾರ್ಜರು 13 ಆಂಪಿಯರ್ ಎಳೆಯುತ್ತದೆ. ಕಾರಿನ ಜೊತೆ ಕೊಡುವ 3,300 ವಾಟಿನದು 14ಕ್ಕೂ ಮೇಲೆ. ಆದುದರಿಂದ ಎಲ್ಲ ವಿದ್ಯುತ್ ಗಾಡಿಗಳೂ ಮನೆ ಸುಡುತ್ತವೆ ಎಂದು ಹೆದರಿಸುವವರ ಮಾತು ಕೇಳಬೇಡಿ. ಸಣ್ಣ ಸ್ಕೂಟರಿನ ಚಾರ್ಜರು ಒಳ್ಳೆಯ ತಂತಿಯ, ಅರ್ಥಿಂಗ್ ಇರುವ, ಬಿಗಿಯಾದ 6 ಆಂಪಿಯರ್ ಸಾಕೆಟ್ಟಿನಲ್ಲಿ ನಿಶ್ಚಿಂತೆಯಿಂದ ನಡೆಯುತ್ತದೆ. ಗಂಡಾಂತರ ಬರುವುದು 13 ಆಂಪಿಯರಿನ ಹೊರೆಯನ್ನು 6 ಆಂಪಿಯರಿನ ಬೆನ್ನಿಗೆ ಹೇರಿದಾಗ.

ಹೊರೆ ಎರಡು ಪಟ್ಟಾದರೆ ತಂತಿಯ ಬಿಸಿಯೂ ಎರಡು ಪಟ್ಟು ಎಂದು ನೀವು ತಿಳಿಯಬಹುದು. ಹಾಗಲ್ಲ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಆರರ ಜಾಗದಲ್ಲಿ ಹದಿಮೂರು ಹರಿದರೆ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲವೇ, ಮಿಕ್ಸಿ ಇಲ್ಲವೇ ಎಂದು ಕೇಳುತ್ತೀರಿ. ಮಿಕ್ಸಿ ಐದು ನಿಮಿಷ ಕೂಗಿ ಸುಮ್ಮನಾಗುತ್ತದೆ. ಇಸ್ತ್ರಿಪೆಟ್ಟಿಗೆ ಕಾದ ಮೇಲೆ ತಾನೇ ಆರಿ ಮತ್ತೆ ಹತ್ತುತ್ತದೆ. ಗಾಡಿಯ ಚಾರ್ಜರು ಮೂರು ನಾಲ್ಕು ತಾಸು ಒಂದೇ ಸಮನೆ ಎಳೆಯುತ್ತದೆ, ಅದೂ ನಾವು ನಿದ್ರೆಯಲ್ಲಿರುವಾಗ.

ಇನ್ನು ಫ್ಯೂಸಿನ ಮಾತು. ಫ್ಯೂಸೂ ಎಂಸಿಬಿಯೂ ನೋಡುವುದು ತಂತಿಯಲ್ಲಿ ಹರಿಯುವ ಕರೆಂಟನ್ನು. ಗೋಡೆಯ ಸಾಕೆಟ್ಟು ಕಾದಿದೆಯೇ ಎಂಬುದು ಅವಕ್ಕೆ ತಿಳಿಯದು. ಅಡಾಪ್ಟರಿನ ಒಳಗೆ ಹಿತ್ತಾಳೆಯ ಪಟ್ಟಿ ಸಡಿಲವಾಗಿದ್ದರೆ ಅಲ್ಲಿ ಒಂದು ತಡೆ ಹುಟ್ಟುತ್ತದೆ. ಅದು ಒಂದು ಓಮಿನ ಹತ್ತನೆಯ ಒಂದು ಭಾಗ ಇದ್ದರೂ ಸಾಕು, 13 ಆಂಪಿಯರಿನಲ್ಲಿ ಸುಮಾರು 17 ವಾಟು ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖಕ್ಕೆ ಇದು ಬಹಳ ದೂರವಲ್ಲ. ಅದನ್ನು ಅವರೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ತಾಸುಗಟ್ಟಲೆ ಇಟ್ಟರೆ ಏನಾಗುವುದೆಂಬುದಕ್ಕೆ ನಮ್ಮ ಕೈಯಲ್ಲಿರುವ ಈ ಕರಿಕಲೇ ಸಾಕ್ಷಿ. ಇದರ ಮೇಲೆ ನಮ್ಮೂರಿನಲ್ಲಿ ಇನ್ನೊಂದು ಅಭ್ಯಾಸ ಉಂಟು: ಫ್ಯೂಸು ಪದೇಪದೇ ಹೋದರೆ ಎರಡೆಳೆ ಹೆಚ್ಚು ತಂತಿ ಸುತ್ತಿ ಕೂರಿಸುವುದು. ಆ ಮನೆಯಲ್ಲೂ ಹಾಗೆಯೇ ಸುತ್ತಿತ್ತು. ಬೈಯುವುದಕ್ಕಾಗಿ ಹೇಳುತ್ತಿಲ್ಲ, ನಮ್ಮ ಕಚೇರಿಯ ಫ್ಯೂಸನ್ನು ಆ ಸಂಜೆಯೇ ತೆಗೆದು ನೋಡಿದೆವು, ಅಲ್ಲೂ ಎರಡೆಳೆ ಹೆಚ್ಚಿತ್ತು.

16 ಆಂಪಿಯರಿನ ಪಿನ್ನು ದಪ್ಪ, 6 ಆಂಪಿಯರಿನದು ಸಣ್ಣ. ಒಂದು ಇನ್ನೊಂದರೊಳಗೆ ಹೋಗದಂತೆ ಮಾಡಿದ್ದು ಬೇಕೆಂದೇ. ನಮ್ಮ ದೇಶದಲ್ಲಿ ಪ್ಲಗ್ಗು ಸಾಕೆಟ್ಟುಗಳಿಗೆ ಐ.ಎಸ್. 1293 ಎಂಬ ಮಾನಕವಿದೆ. ದೊಡ್ಡ ಹೊರೆಯ ಯಂತ್ರ ಸಣ್ಣ ತಂತಿಯ ಮನೆಗೆ ನುಗ್ಗಬಾರದೆಂದು ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರ ಆ ಆಕಾರ. ಈ ಅಡಾಪ್ಟರು ಆ ಕಾವಲುಗಾರನಿಗೆ ಕೊಡುವ ಲಂಚ. ಆಕಾರ ಬದಲಾಗುತ್ತದೆ; ಗೋಡೆಯ ಹಿಂದಿನ ತಂತಿ ಎಷ್ಟಿತ್ತೋ ಅಷ್ಟೇ ಇರುತ್ತದೆ. ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರು ಇದಕ್ಕಿಂತಲೂ ಕೆಟ್ಟದ್ದು. ಅದು ಅರ್ಥಿಂಗನ್ನೇ ಕತ್ತರಿಸಿಬಿಡುತ್ತದೆ. ಮಳೆಯಲ್ಲಿ ನೆನೆದ ಗಾಡಿಯ ಲೋಹದ ಮೈಗೆ ಕರೆಂಟು ಬಂದರೆ ನೆಲಕ್ಕಿಳಿಯಲು ಅದಕ್ಕೆ ಬೇರೆ ದಾರಿ ಇಲ್ಲ, ಮುಟ್ಟಿದವನ ದೇಹವೇ ದಾರಿ.

ಗಾಡಿಗೂ ಚಾರ್ಜರಿಗೂ ನಡುವೆ ಹಾಕುವ ಅಡಾಪ್ಟರುಗಳ ವಿಚಾರ ಬೇರೆ. ದೊಡ್ಡ ಚಾರ್ಜಿಂಗ್ ಕೇಂದ್ರದಲ್ಲಿ ತಂತಿ ಚುಚ್ಚಿದ ಕೂಡಲೇ ಕರೆಂಟು ಹರಿಯುವುದಿಲ್ಲ. ಮೊದಲು ಗಾಡಿಯೂ ಯಂತ್ರವೂ ಒಂದು ಸಣ್ಣ ಸಂಕೇತದ ತಂತಿಯ ಮೂಲಕ ಮಾತಾಡಿಕೊಳ್ಳುತ್ತವೆ. ಕಾರುಗಳ ಟೈಪ್ 2 ಪ್ಲಗ್ಗಿನೊಳಗೆ ಒಂದು ಪುಟ್ಟ ರೆಸಿಸ್ಟರು ಇರುತ್ತದೆ. ಅದು 1,500 ಓಮ್ ಇದ್ದರೆ ಈ ಕೇಬಲ್ಲು 13 ಆಂಪಿಯರ್ ತಾಳುತ್ತದೆಂದು ಅರ್ಥ, 220 ಓಮ್ ಇದ್ದರೆ 32. ಕೇಬಲ್ಲು ತನ್ನ ಶಕ್ತಿಯನ್ನು ತಾನೇ ಹೇಳಿಕೊಳ್ಳುವ ಏರ್ಪಾಡು ಇದು. ಸಣಕಲು ತಂತಿಯ ಅಡಾಪ್ಟರಿಗೆ 220 ಓಮ್ ಹಾಕಿ ಮಾರಿದರೆ ಆ ಸಾಮಾನು ಸುಳ್ಳು ಸಾಕ್ಷಿ ಹೇಳಿದಂತಾಯಿತು. ಗಾಡಿ ಅದನ್ನು ನಂಬಿ ಎಳೆಯುತ್ತದೆ. ಗಾಡಿ ಇಲ್ಲವೆ ಚಾರ್ಜರಿನ ತಯಾರಕರು ಒಪ್ಪಿ ಸೂಚಿಸಿದ ಅಡಾಪ್ಟರನ್ನು ಬಿಟ್ಟು ಬೇರೆಯದನ್ನು ಬಳಸಕೂಡದೆಂದು ಅಂತರರಾಷ್ಟ್ರೀಯ ಮಾನಕ ಹೇಳುವುದು ಇದೇ ಕಾರಣಕ್ಕೆ.

ಬಂಧುಗಳೇ, ಇಲ್ಲಿಗೆ ವಿದ್ಯುಚ್ಛಕ್ತಿಯ ಪಾಠ ಮುಗಿಯಿತು. ಈಗ ದುಡ್ಡಿನ ವಿಷಯ. ಅಡಾಪ್ಟರು ಬೇಕಾಗುವುದಾದರೂ ಏಕೆ?

ಇಲ್ಲಿರುವ ಹಿರಿಯ ವ್ಯಾಪಾರಸ್ಥರಿಗೆ ಹಳೆಯ ರೈಲು ನೆನಪಿರಬೇಕು. ಮದರಾಸಿನಿಂದ ಬೆಂಗಳೂರಿಗೆ ಬ್ರಾಡ್ ಗೇಜು, 1,676 ಮಿಲಿಮೀಟರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೀಟರ್ ಗೇಜು, 1,000 ಮಿಲಿಮೀಟರು. ಒಂದರ ವ್ಯಾಗನ್ನು ಇನ್ನೊಂದರ ಮೇಲೆ ಹೋಗದು. ಆದುದರಿಂದ ಮೂಟೆಗಳನ್ನು ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಎರಡು ಗೇಜುಗಳ ನಡುವಿನ ಅಡಾಪ್ಟರು ಯಾವುದಾಗಿತ್ತು? ಹಮಾಲಿಯ ಬೆನ್ನು. ಮೂಟೆ ಒಡೆದರೆ ನಷ್ಟ ವ್ಯಾಪಾರಿಗೆ, ಬೆನ್ನು ಮುರಿದರೆ ನಷ್ಟ ಹಮಾಲಿಗೆ. ಹಳಿಯ ಅಳತೆ ನಿಶ್ಚಯಿಸಿದವರಿಗೆ ಯಾವ ನಷ್ಟವೂ ಇಲ್ಲ. ಏಕಗೇಜಿನ ಯೋಜನೆ ಆರಂಭವಾದದ್ದು 1992ರಲ್ಲಿ. ಅಷ್ಟರಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ವಿದ್ಯುತ್ ಗಾಡಿಗಳಲ್ಲೂ ಅದೇ ಕಥೆ ನಡೆದಿದೆ. ಜಪಾನಿನದು ಒಂದು ಪ್ಲಗ್ಗು, ಚೀನದ್ದು ಒಂದು, ಯುರೋಪಿನದು ಇನ್ನೊಂದು. ಅಮೆರಿಕದಲ್ಲಂತೂ ಒಂದೇ ದೇಶದೊಳಗೆ ಎರಡು ಬಣ. ಟೆಸ್ಲಾ ಕಂಪನಿಯದು ಒಂದು ಪ್ಲಗ್ಗು, ಉಳಿದ ಹೆಚ್ಚಿನವರದು ಸಿ.ಸಿ.ಎಸ್. 2022ರ ನವೆಂಬರಿನಲ್ಲಿ ಟೆಸ್ಲಾ ತನ್ನ ವಿನ್ಯಾಸವನ್ನು ಇತರರಿಗೆ ತೆರೆಯಿತು. 2023ರ ಮೇ ತಿಂಗಳಲ್ಲಿ ಫೋರ್ಡ್, ಜೂನಿನಲ್ಲಿ ಜನರಲ್ ಮೋಟಾರ್ಸ್ ಆ ಕಡೆ ವಾಲಿದವು. ಅಷ್ಟರೊಳಗೆ ಹಳೆಯ ಪ್ಲಗ್ಗಿನ ಕಾರು ಕೊಂಡವರ ಗತಿ? ಅವರಿಗೆ ಅಡಾಪ್ಟರು. ಫೋರ್ಡಿನವರು ಕೆಲವು ಕಾಲ ಪುಕ್ಕಟೆ ಕೊಟ್ಟರು, ಜನರಲ್ ಮೋಟಾರ್ಸಿನವರು 225 ಡಾಲರ್ ಬೆಲೆ ಕಟ್ಟಿದರು. ಜಗಳವಾಡಿದ್ದು ಧಣಿಗಳು, ರಾಜಿಯ ಖರ್ಚು ಗಿರಾಕಿಗೆ.

ನಮ್ಮಲ್ಲಿ? ಮೊದಮೊದಲು ಸರಕಾರಿ ಕಚೇರಿಗಳಿಗೆಂದು ಕೊಂಡ ವಿದ್ಯುತ್ ಕಾರುಗಳಿಗೆ ಭಾರತ್ ಡಿ.ಸಿ.-001 ಎಂಬ ಬಗೆಯ ಚಾರ್ಜರುಗಳನ್ನು ನೆಟ್ಟರು. ಆಮೇಲೆ ಬಂದ ಕಾರುಗಳು ಸಿ.ಸಿ.ಎಸ್. 2 ಪ್ಲಗ್ಗು ತಂದವು. ಹಳೆಯ ಚಾರ್ಜರುಗಳ ಬಾಯಿಗೆ ಅವು ಹೊಂದಲಿಲ್ಲ. ಸ್ಕೂಟರುಗಳಲ್ಲಿ ಕಂಪನಿಗೊಂದು ಪ್ಲಗ್ಗು. ಬೆಂಗಳೂರಿನ ಏಥರ್ ಕಂಪನಿ 2021ರಲ್ಲಿ ತನ್ನ ಕನೆಕ್ಟರನ್ನು ಇತರರಿಗೂ ಬಿಟ್ಟುಕೊಟ್ಟಿತು. ಅದರ ಮೇಲೆ ಕಟ್ಟಿದ ಲಘು ವಾಹನಗಳ ಕನೆಕ್ಟರಿಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಐ.ಎಸ್. 17017 ಮಾಲೆಯಲ್ಲಿ ಮುದ್ರೆ ಒತ್ತಿತು. ಬಂಡವಾಳಗಾರರು ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯದೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಆ ಮುದ್ರೆಯ ಜೊತೆ ಕಡ್ಡಾಯ ಬರಲಿಲ್ಲ. ಇಷ್ಟವಿದ್ದವರು ಬಳಸಿ ಎಂದರೆ, ತನ್ನ ಗಿರಾಕಿಯನ್ನು ತನ್ನ ಗೂಟಕ್ಕೇ ಕಟ್ಟಿಹಾಕಬೇಕೆನ್ನುವ ಕಂಪನಿ ಏಕೆ ಬಳಸೀತು? ಮೊಬೈಲು ಫೋನಿನ ವಿಷಯದಲ್ಲಿ ಯುರೋಪಿನ ಒಕ್ಕೂಟ ಕಾನೂನನ್ನೇ ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಟೈಪ್-ಸಿ ತೂತೇ ಇರತಕ್ಕದ್ದು. ಬಹಳ ಕಾಲ ಪ್ರತಿಭಟಿಸಿದ ಅಮೆರಿಕದ ಸೇಬಿನ ಗುರುತಿನ ಕಂಪನಿಯೂ 2023ರಲ್ಲೇ ಬದಲಾಯಿಸಿತು. ಕಾನೂನು ಬಂದರೆ ಕಾರಖಾನೆಯ ಅಚ್ಚು ತಾನಾಗಿ ಬದಲಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. 2023ರಲ್ಲಿ ನಾಲ್ಕು ಸ್ಕೂಟರ್ ಕಂಪನಿಗಳು ಸ್ಕೂಟರಿನ ಬೆಲೆ ಬೇರೆ, ಚಾರ್ಜರಿನ ಬೆಲೆ ಬೇರೆ ಎಂದು ಬಿಲ್ಲು ಮಾಡಿದ್ದು ಬಯಲಿಗೆ ಬಂತು. ಸಬ್ಸಿಡಿ ಸಿಗಬೇಕಾದರೆ ಬೆಲೆ ಒಂದೂವರೆ ಲಕ್ಷ ದಾಟಬಾರದೆಂಬ ನಿಯಮವಿತ್ತಲ್ಲ, ಅದಕ್ಕೆ ಈ ಉಪಾಯ. ಕೇಂದ್ರ ಸರಕಾರ ಹಿಡಿದು ಕೇಳಿದ ಮೇಲೆ ಗಿರಾಕಿಗಳಿಗೆ ಹಣ ಹಿಂದಿರುಗಿಸಲು ಒಪ್ಪಿದರು. ಒಂದೇ ಕಂಪನಿಯ ಪಾಲು ಸುಮಾರು 130 ಕೋಟಿ ರೂಪಾಯಿ! ಚಾರ್ಜರಿಲ್ಲದ ವಿದ್ಯುತ್ ಗಾಡಿ ಎಂದರೆ ನೊಗವಿಲ್ಲದ ಬಂಡಿ. ನೊಗಕ್ಕೆ ಬೇರೆ ಬಿಲ್ಲು ಹಾಕುವವರು ಅಡಾಪ್ಟರನ್ನು ಬಿಟ್ಟಾರೆಯೇ?

ಇತ್ತ ಬಾಡಿಗೆದಾರನ ಪಾಡು ನೋಡಿ. ಈಗಿರುವ ಮನೆಯ ಕನೆಕ್ಷನ್ನಿನಿಂದಲೇ ಗಾಡಿ ಚಾರ್ಜು ಮಾಡಿಕೊಳ್ಳಬಹುದೆಂದು 2022ರ ಜನವರಿಯಲ್ಲಿ ಕೇಂದ್ರದ ವಿದ್ಯುತ್ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಅನುಮತಿ ಸಿಕ್ಕಿತು, ತಂತಿ ಸಿಗಲಿಲ್ಲ. ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ ನಾಲ್ಕು ಚದರ ಮಿಲಿಮೀಟರಿನ ತಂತಿ ಎಳೆದು, ಒಂದು 16 ಆಂಪಿಯರ್ ಸಾಕೆಟ್ಟು, ಅದಕ್ಕೆ ತಕ್ಕ ಎಂಸಿಬಿ, ಸೋರಿಕೆ ಕಂಡೊಡನೆ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚು, ಸರಿಯಾದ ಅರ್ಥಿಂಗ್ ಹಾಕಿಸಿದರೆ ಅಡಾಪ್ಟರಿನ ಮಾತೇ ಬರುವುದಿಲ್ಲ. ಮನೆಯ ಯಜಮಾನನನ್ನು ಕೇಳಿದರೆ, "ಗಾಡಿ ನಿಂದು, ಖರ್ಚು ನಂದಾ?" ಎನ್ನುತ್ತಾನೆ. ಬಾಡಿಗೆದಾರ ತಾನೇ ಹಾಕಿಸಿದರೆ ಮನೆ ಬಿಡುವಾಗ ಗೋಡೆಯೊಳಗಿನ ತಂತಿಯನ್ನು ಹೊತ್ತುಕೊಂಡು ಹೋಗಲಾದೀತೇ? 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಾದ ಪಿ.ಎಂ. ಇ-ಡ್ರೈವ್ ಯೋಜನೆಗೆ 10,900 ಕೋಟಿ ಇಟ್ಟರು. ಅದರಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ. ಹೆದ್ದಾರಿಯಲ್ಲಿ ಚಾರ್ಜರು ಬೇಕು, ಬೇಡವೆನ್ನುವುದಿಲ್ಲ. ವಠಾರದ ಮೀಟರ್ ಬೋರ್ಡು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ.

ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಗೆಳೆಯರಿಗೆ ಒಂದು ಮಾತು. ನೀವು ಮಾರದಿದ್ದರೆ ಪಕ್ಕದಂಗಡಿಯವನು ಮಾರುತ್ತಾನೆ, ಅದು ನಮಗೆ ಗೊತ್ತು. ಆದರೂ ಈ ಸಾಮಾನು ಕೇಳಿ ಬಂದವನನ್ನು, "ಯಾವ ಗಾಡಿಗಪ್ಪಾ, ಎಷ್ಟು ವಾಟಿನ ಚಾರ್ಜರು?" ಎಂದು ಕೇಳಿ. ಆಟೋಗೆ ಎಂದರೆ ಕೊಡಬೇಡಿ. ಐ.ಎಸ್.ಐ. ಗುರುತಿಲ್ಲದ ಪ್ಲಗ್ಗನ್ನು ತರಿಸಲೇಬೇಡಿ. ಗಿರಾಕಿ ಕೇಳಿದರೆ ಈ ಸುಟ್ಟದ್ದನ್ನೇ ತೋರಿಸಿ; ಸಂಘದ ಕಚೇರಿಯಲ್ಲಿ ಇಟ್ಟಿರುತ್ತೇವೆ, ಒಯ್ದು ತೋರಿಸಿ ತಂದುಕೊಡಿ.

ಗಾಡಿಯಿರುವವರು ಇಂದು ರಾತ್ರಿಯೇ ಒಂದು ಪರೀಕ್ಷೆ ಮಾಡಬಹುದು. ಚಾರ್ಜಿಗೆ ಹಾಕಿ ಅರ್ಧ ತಾಸಿನ ಮೇಲೆ ಮೊದಲು ಸ್ವಿಚ್ಚು ಆರಿಸಿ, ಆಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ಕಿನ ಮೈಮೇಲೆ ಒಣಗಿದ ಕೈಯ ಬೆನ್ನನ್ನು ಇಟ್ಟು ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಬಣ್ಣ ಕಂದಿದ್ದರೆ, ವಾಸನೆಯಿದ್ದರೆ ಮತ್ತೆ ಹಾಕಬೇಡಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿಟ್ಟುಕೊಂಡು ಚಾರ್ಜು ಮಾಡುವುದನ್ನು ಈಗಲೇ ಬಿಡಿ. ಸುರುಳಿಯೊಳಗಿನ ಬಿಸಿ ಹೊರಗೆ ಹೋಗದು.

ಮೂರು ಬೇಡಿಕೆಗಳ ಅರ್ಜಿ ಬರೆದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಎರಡು ಚಕ್ರ, ಮೂರು ಚಕ್ರದ ಗಾಡಿಗಳಿಗೆಲ್ಲ ಒಂದೇ ಕನೆಕ್ಟರನ್ನು ಕಾನೂನಿನಿಂದ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಬೇಕಾಗುವ ಅಡಾಪ್ಟರನ್ನು ಗಾಡಿ ಮಾರಿದ ಕಂಪನಿಯೇ ಪುಕ್ಕಟೆ ಕೊಟ್ಟು ಹೊಣೆ ಹೊರಬೇಕು. ವಠಾರಗಳಲ್ಲೂ ಗಿರಣಿಯ ಗೇಟಿನಲ್ಲೂ ಮೀಟರಿನಿಂದ ಪ್ರತ್ಯೇಕ ತಂತಿ ಎಳೆಯುವ ಖರ್ಚಿಗೆ ಸಬ್ಸಿಡಿಯಲ್ಲಿ ಪಾಲು ಇಡಬೇಕು. ಸಹಿ ಹಾಕುವವರು ಹೆಸರಿನ ಮುಂದೆ ತಮ್ಮ ಚಾರ್ಜರಿನ ವಾಟು, ಮನೆಯಲ್ಲಿರುವ ಸಾಕೆಟ್ಟಿನ ಆಂಪಿಯರು ಎರಡನ್ನೂ ಬರೆಯಿರಿ. ಗೊತ್ತಿಲ್ಲದವರು ಮನೆಗೆ ಹೋಗಿ ನೋಡಿಕೊಂಡು ನಾಳೆ ಸಂಜೆ ಕಚೇರಿಗೆ ಬನ್ನಿ. ಎಂಟು ಗಂಟೆಯವರೆಗೆ ತೆರೆದಿರುತ್ತದೆ.