ಪೀಠದ ಮೈಕು, ಮತದ ಲೆಕ್ಕ

2024ರ ಜೂನ್ 27, ಗುರುವಾರ. ಬೆಂಗಳೂರಿನಲ್ಲಿ ಕೆಂಪೇಗೌಡ ಜಯಂತಿ. ವೇದಿಕೆ ಮೇಲೆ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಇದ್ದರು, ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಇದ್ದರು. ವಿಶ್ವ ಒಕ್ಕಲಿಗರ ಮಹಾಸಂಸ್ಥಾನ ಮಠದ ಚಂದ್ರಶೇಖರನಾಥ ಸ್ವಾಮೀಜಿ ಮೈಕ್ ಮುಂದೆ ಬಂದರು. ಸಿದ್ದರಾಮಯ್ಯನವರು ಕುರ್ಚಿ ಬಿಟ್ಟು ಶಿವಕುಮಾರ್ ಅವರಿಗೆ ಕೊಡಬೇಕು ಅಂದರು. ಅದರ ಬೆನ್ನಿಗೇ ಇನ್ನೊಂದು ಪೀಠದಿಂದ, ಬದಲಾಯಿಸೋದೇ ಆದರೆ ಲಿಂಗಾಯತರನ್ನು ಪರಿಗಣಿಸಿ ಅಂತ ದನಿ ಬಂತು. ಆಗ ಸಚಿವರಾಗಿದ್ದ ಕೆ.ಎನ್. ರಾಜಣ್ಣ ಅವರು, ಸ್ವಾಮೀಜಿ ತಮ್ಮ ಪೀಠ ಬಿಟ್ಟುಕೊಟ್ಟರೆ ನಾನೇ ಸ್ವಾಮೀಜಿ ಆಗ್ತೀನಿ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟರು. ನಾವು ಚಾನೆಲ್‌ನವರು ಇದನ್ನೇ ದಿನಗಟ್ಟಲೆ ಬೇಯಿಸಿ ಬಡಿಸಿದೆವು.

ಇವತ್ತು ನಾನು ಸ್ಟುಡಿಯೋದಲ್ಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದೀನಿ. ಇಲ್ಲಿಂದಲೇ ಮಾತಾಡೋದಕ್ಕೆ ಕಾರಣ ಇದೆ. ಈ ಓಣಿಗಳ ಮತದಾರರು 2024ರ ಲೋಕಸಭಾ ಚುನಾವಣೆಯಲ್ಲಿ ತಮ್ಮ ಮತಯಂತ್ರದ ಮೇಲೆ ಒಬ್ಬ ಸ್ವಾಮೀಜಿಯ ಹೆಸರನ್ನು ನೋಡಬೇಕಿತ್ತು. ನೋಡಲಿಲ್ಲ. ಆ ಕಥೆ ನೆನಪಿದೆಯಲ್ಲ?

ಶಿರಹಟ್ಟಿ ಫಕೀರೇಶ್ವರ ಮಠದ ದಿಂಗಾಲೇಶ್ವರ ಶ್ರೀಗಳು. ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ಪ್ರಲ್ಹಾದ ಜೋಶಿಯವರನ್ನು ಬದಲಾಯಿಸಿ ಅಂತ ಬಿಜೆಪಿಗೆ ಹೇಳಿದರು. ಪಕ್ಷ ಕೇಳಲಿಲ್ಲ. ಪಕ್ಷೇತರನಾಗಿ ನಾನೇ ನಿಲ್ತೀನಿ ಅಂದರು. ಏಪ್ರಿಲ್‌ನಲ್ಲಿ ನಾಮಪತ್ರ ಹಾಕಿದರು, ಹಿಂಪಡೆಯುವ ಕೊನೆಯ ದಿನ ವಾಪಸ್ ತಗೊಂಡರು. ಮೇ 7ಕ್ಕೆ ಮತದಾನ ಆಯ್ತು. ಜೋಶಿಯವರು 97,324 ಮತಗಳಿಂದ ಗೆದ್ದರು. 2019ರಲ್ಲಿ ಅವರ ಅಂತರ ಎರಡು ಲಕ್ಷ ದಾಟಿತ್ತು.

ಈಗ ನೋಡಿ ಮಜಾ. ಅಂತರ ಅರ್ಧಕ್ಕಿಂತ ಕಡಿಮೆ ಆಯ್ತಲ್ಲ, ಅದು ಶ್ರೀಗಳ ಪ್ರಭಾವ ಅಂತ ಒಬ್ಬರು. ಜೋಶಿಯವರು ಗೆದ್ದೇ ಗೆದ್ದರಲ್ಲ, ಶ್ರೀಗಳಿಗೆ ಪ್ರಭಾವವೇ ಇಲ್ಲ ಅಂತ ಇನ್ನೊಬ್ಬರು. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ, ಯಾಕಂದರೆ ಲೆಕ್ಕವೇ ಆಗಲಿಲ್ಲ. ಶ್ರೀಗಳು ಕಣದಲ್ಲಿ ಉಳಿದಿದ್ದರೆ ಜೂನ್ 4ರ ಮಧ್ಯಾಹ್ನದ ಹೊತ್ತಿಗೆ ಗೊತ್ತಾಗ್ತಿತ್ತು. ಬಹಳ ಜನ ಅವರು ನಿಂತದ್ದೇ ತಪ್ಪು ಅಂದರು. ನನ್ನ ಅಭಿಪ್ರಾಯ ತಿರುವುಮುರುವು. ಅವರು ನಿಂತದ್ದು ಸರಿ. ಹಿಂದೆ ಸರಿದದ್ದೇ ನನಗೆ ಬೇಜಾರು.

ನಾಮಪತ್ರ ಹಾಕಿದ ಕೂಡಲೇ ಕಾವಿ ತೊಟ್ಟವರೂ ಎಲ್ಲರ ಹಾಗೆ ಒಬ್ಬ ಅಭ್ಯರ್ಥಿ. ಆಸ್ತಿ ಎಷ್ಟು, ಕೇಸು ಎಷ್ಟು ಅಂತ ಪ್ರಮಾಣಪತ್ರ ಕೊಡಬೇಕು. ಖರ್ಚಿನ ಲೆಕ್ಕ ಕೊಡಬೇಕು. ಮನೆ ಬಾಗಿಲಿಗೆ ಹೋಗಿ ಕೈಮುಗಿಯಬೇಕು, ಅಲ್ಲಿ ಯಾರೋ ಒಬ್ಬ ಹೆಣ್ಣುಮಗಳು ‘ನಳಕ್ಕ ನೀರು ಬಂದು ಎಂಟು ದಿನಾತ್ರಿ, ನೀವೇನ ಮಾಡ್ತೀರಿ?’ ಅಂದರೆ ಉತ್ತರ ಕೊಡಬೇಕು. ಠೇವಣಿ ಹೋದರೂ ಹೋಗಬಹುದು. ಮಠದ ಗದ್ದುಗೆಯಿಂದ ಮಾತಾಡುವಾಗ ಇದ್ಯಾವುದೂ ಇಲ್ಲ. ಅಲ್ಲಿ ಪ್ರಶ್ನೆ ಕೇಳೋರಿಲ್ಲ, ಪಾದ ಮುಟ್ಟೋರಿದ್ದಾರೆ. ಸ್ವಿಚ್ ಅವರ ಕೈಲಿ, ಕರೆಂಟ್ ಬಿಲ್ ಮಾತ್ರ ನಮ್ಮ ಹೆಸರಿಗೆ.

2020ರ ಜನವರಿ 14, ಹರಿಹರದ ಹರಜಾತ್ರೆ. ಪಂಚಮಸಾಲಿ ಪೀಠದ ವಚನಾನಂದ ಶ್ರೀಗಳು ಮುಖ್ಯಮಂತ್ರಿ ಯಡಿಯೂರಪ್ಪನವರ ಎದುರಿಗೇ, ಮುರುಗೇಶ ನಿರಾಣಿಯವರನ್ನು ಮಂತ್ರಿ ಮಾಡಿ, ಇಲ್ಲದಿದ್ದರೆ ಸಮಾಜ ನಿಮ್ಮ ಕೈಬಿಡುತ್ತೆ ಅಂದರು. ಯಡಿಯೂರಪ್ಪನವರು ಸಿಟ್ಟಿನಿಂದ ಎದ್ದು ನಿಂತದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಅದಾದ ಒಂದು ವರ್ಷಕ್ಕೆ ನಿರಾಣಿಯವರು ಮಂತ್ರಿಯಾದರು. ಆ ಮಾತಿನಿಂದಲೇ ಆದರು ಅಂತ ನಾನು ಹೇಳೋದಿಲ್ಲ. ಆದರೆ ‘ಸಮಾಜ ಕೈಬಿಡುತ್ತೆ’ ಅನ್ನೋ ಮಾತು ಹೇಗೆ ಬಂತು? ಲಕ್ಷಾಂತರ ಜನರ ಮತ ನನ್ನ ಜೋಳಿಗೆಯಲ್ಲಿದೆ ಅಂತ ತಾನೆ ಅದರ ಅರ್ಥ? ಅದು ಬ್ಯಾಂಕಿಗೆ ಯಾವತ್ತೂ ಹಾಕದ ಚೆಕ್ಕು. ಅದನ್ನು ತೋರಿಸಿ ತೋರಿಸಿಯೇ ವ್ಯವಹಾರ ನಡೆಯುತ್ತಿದೆ.

ಈಗ ಕಮರಿಪೇಟೆಯ ವಿಷಯಕ್ಕೆ ಬರ್ತೀನಿ. ಇದು ಹೆಚ್ಚಾಗಿ ಎಸ್‌ಎಸ್‌ಕೆ ಸಮಾಜದವರ, ಅಂದರೆ ರೇಷ್ಮೆ ನೇಯುತ್ತಿದ್ದ ಪಟ್ಟೇಗಾರರ ಪೇಟೆ. ರಂಗಪಂಚಮಿಗೆ ಈ ಓಣಿಗೆ ಬಂದವರಿಗೆ ಇಲ್ಲಿನ ಜನರ ಹುಮ್ಮಸ್ಸು ಗೊತ್ತು. ಆದರೆ ರಾಜ್ಯದ ಜಾತಿ ಲೆಕ್ಕಾಚಾರದಲ್ಲಿ ಇವರ ಸಂಖ್ಯೆ ಸಣ್ಣದು. ಮುಖ್ಯಮಂತ್ರಿ ಎದುರಿಗೆ ಮೈಕ್ ಹಿಡಿದು ‘ನಮ್ಮವರಿಗೆ ಕುರ್ಚಿ ಕೊಡಿ’ ಅನ್ನೋ ದೊಡ್ಡ ಪೀಠ ಇವರಿಗಿಲ್ಲ. ಇಲ್ಲೇ ಸೆಟ್ಲ್‌ಮೆಂಟ್‌ನಲ್ಲಿರೋ ಕುಟುಂಬಗಳಿಗಿಲ್ಲ. ಹಳೇ ಹುಬ್ಬಳ್ಳಿಯ ಬಡ ಮುಸಲ್ಮಾನನಿಗೂ ಇಲ್ಲ. ಇವರ ಕೈಲಿರೋದು ಒಂದೇ ಒಂದು ಮತ. ಸಂಪುಟದ ಕುರ್ಚಿಗಳು ಪೀಠಗಳ ದನಿಯ ಎತ್ತರ ನೋಡಿ ಹಂಚಿಕೆ ಆಗೋದಾದರೆ ಇವರು ಬಿಸಿಲಲ್ಲಿ ಸಾಲು ನಿಂತು ಒತ್ತಿದ ಆ ಗುಂಡಿಗೆ ಏನು ಬೆಲೆ? ದೊಡ್ಡ ಸಮುದಾಯದ ಬಡವನಿಗೂ ಇದರಿಂದ ಲಾಭವಿಲ್ಲ ಅನ್ನಿ. ಅವನ ಪರವಾಗಿ ಮಾತಾಡಲು ಸ್ವಾಮೀಜಿಗೆ ಅವನೇನೂ ಚೀಟಿ ಬರೆದುಕೊಟ್ಟಿಲ್ಲ. ಮೌಲ್ವಿ ಹೇಳಿದರೂ, ಬಿಷಪ್ ಹೇಳಿದರೂ ನನ್ನ ಮಾತು ಇದೇ.

ಹಾಗಾದರೆ ಸ್ವಾಮೀಜಿಗಳು ಬಾಯಿ ಮುಚ್ಚಿಕೊಂಡು ಪೂಜೆ ಮಾಡಬೇಕಾ? ಖಂಡಿತ ಅಲ್ಲ. ಪಕ್ಕದ ಗದಗಕ್ಕೆ ಹೋಗಿ. ತೋಂಟದಾರ್ಯ ಮಠದ ಸಿದ್ಧಲಿಂಗ ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರು ಅವರು. 2011ರಲ್ಲಿ ಹಳ್ಳಿಗುಡಿ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ರೈತರ ಜಮೀನು ಹೋಗೋದಿತ್ತು. ಶ್ರೀಗಳು ಹೋರಾಟದ ಮುಂದೆ ನಿಂತರು. ಯೋಜನೆ ಅಲ್ಲಿಂದ ಹೋಯ್ತು. ಆಗ ಮುಖ್ಯಮಂತ್ರಿಯಾಗಿದ್ದವರು ಯಡಿಯೂರಪ್ಪನವರೇ, ಲಿಂಗಾಯತರೇ. ಶ್ರೀಗಳು ‘ನಮ್ಮವರ ಸರ್ಕಾರ’ ಅಂತ ಸುಮ್ಮನಿರಲಿಲ್ಲ. ಅದು ರಾಜಕೀಯ ಅಲ್ವಾ? ಅಪ್ಪಟ ರಾಜಕೀಯ. ಆದರೆ ಜಮೀನು ಕಳೆದುಕೊಳ್ಳೋ ರೈತನ ಜಾತಿ ಯಾವುದು ಅಂತ ಅವರು ಕೇಳಲಿಲ್ಲ, ಯಾರಿಗೂ ಖಾತೆ ಕೇಳಲಿಲ್ಲ.

ಬಸವಣ್ಣನವರೇ ಬಿಜ್ಜಳನ ಭಂಡಾರಿಯಾಗಿರಲಿಲ್ಲವೇ ಅಂತ ಕೇಳೋರಿದ್ದಾರೆ. ಆಗಿದ್ದರು. ಆದರೆ ಅವರು ಸಂಸಾರಸ್ಥರು, ಯಾವ ಮಠದ ಪೀಠದಲ್ಲೂ ಕೂತವರಲ್ಲ. ಭಂಡಾರದ ಲೆಕ್ಕಕ್ಕೆ ತಾವೇ ಹೊಣೆಯಾಗಿದ್ದರು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಪ್ರಶ್ನೆ ಬಂದಾಗ ಕಲ್ಯಾಣವನ್ನೇ ಬಿಟ್ಟು ನಡೆದರು. ಕುರ್ಚಿ ಬಿಡೋರ ಉದಾಹರಣೆಯನ್ನು ಕುರ್ಚಿ ಕೇಳೋದಕ್ಕೆ ಬಳಸಬೇಡಿ.

ಇನ್ನು ಕಾನೂನು. ಧರ್ಮ ಬೇರೆ, ಸರ್ಕಾರ ಬೇರೆ ಅನ್ನೋದು ಅಮೆರಿಕದಿಂದ ಬಂದ ಸರಕು ಅಂತ ಕೆಲವರು ಮೂಗು ಮುರಿಯುತ್ತಾರೆ. ಅಲ್ಲಿ ತೆರಿಗೆ ವಿನಾಯಿತಿ ಪಡೆದ ಚರ್ಚು ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ ಅಂತ 1954ರಿಂದ ಕಾನೂನಿದೆ, ನಿಜ. ಆದರೆ ನಮ್ಮಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದ ಸುಪ್ರೀಂ ಕೋರ್ಟ್ ತೀರ್ಪಿಗೆ ಯಾರ ಹೆಸರಿದೆ ಗೊತ್ತಾ? ಎಸ್.ಆರ್. ಬೊಮ್ಮಾಯಿ. ಹುಬ್ಬಳ್ಳಿಯ ವಕೀಲರು, ಹುಬ್ಬಳ್ಳಿ ಗ್ರಾಮೀಣದಿಂದ ಗೆದ್ದವರು. 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದರು. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ, ರಾಜ್ಯದ ವ್ಯವಹಾರದಲ್ಲಿ ಧರ್ಮ ಬೆರೆಸುವಂತಿಲ್ಲ ಅಂತ. ಈಗ ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯೂ ಈ ಊರಿನವರೊಬ್ಬರ ಹೆಸರು ಹೇಳದೆ ಪಾಸಾಗೋದು ಕಷ್ಟ. ಅದೇ ವರ್ಷ ಆಗಸ್ಟ್ 15ಕ್ಕೆ ಈದ್ಗಾ ಮೈದಾನದ ಗಲಾಟೆಯಲ್ಲಿ ಗೋಲಿಬಾರ್ ಆಗಿ ಇದೇ ಊರಿನಲ್ಲಿ ಹೆಣಗಳು ಬಿದ್ದವು. ತೀರ್ಪು ಬಂದು ಆರು ತಿಂಗಳೂ ಆಗಿರಲಿಲ್ಲ.

ಇನ್ನೊಂದು ಕಾನೂನು ಇದೆ, 1988ರದ್ದು. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಗುಡಿ, ಮಠ, ಮಸೀದಿ, ಚರ್ಚು ಯಾವುದರ ಆವರಣವನ್ನೂ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ, ಅದರ ದುಡ್ಡನ್ನೂ ಬಳಸುವಂತಿಲ್ಲ. ಐದು ವರ್ಷದವರೆಗೆ ಜೈಲು. ಟಿಕೆಟ್ ಕೈಗೆ ಸಿಕ್ಕ ಮೊದಲ ದಿನವೇ ಮಠಕ್ಕೆ ಓಡಿ, ಕ್ಯಾಮೆರಾ ಮುಂದೆ ಶಾಲು ಹೊದೆಸಿಕೊಂಡು ಬರೋ ಅಭ್ಯರ್ಥಿಗಳಲ್ಲಿ ಎಷ್ಟು ಜನ ಈ ಕಾಯ್ದೆಯ ಹೆಸರು ಕೇಳಿದ್ದಾರೆ?

ತಪ್ಪು ಕಾವಿಯದ್ದಷ್ಟೇ ಅಲ್ಲ, ಖಾದಿಯದ್ದೂ ಇದೆ. ಯಾವ ಪಕ್ಷದ ಸರ್ಕಾರ ಬಂದರೂ ಮಠಗಳಿಗೆ ಅನುದಾನ. 2022ರಲ್ಲಿ ಇದೇ ದಿಂಗಾಲೇಶ್ವರ ಶ್ರೀಗಳು, ಮಠಕ್ಕೆ ಬರೋ ಅನುದಾನಕ್ಕೂ 30 ಪರ್ಸೆಂಟ್ ಕಡಿತ ಆಗುತ್ತೆ ಅಂತ ಆರೋಪ ಮಾಡಿದ್ದರು. ಎಲ್ಲರೂ ಆ 30ರ ಬಗ್ಗೆ ಕೂಗಾಡಿದರು. ಉಳಿದ 70 ಯಾಕೆ ಹೋಗ್ತಿದೆ ಅಂತ ಯಾರೂ ಕೇಳಲಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಮುಂದೆ ಬಂದವರು ಉತ್ತರ ಕರ್ನಾಟಕದ ಊರೂರಲ್ಲಿದ್ದಾರೆ, ಆ ಋಣ ಸಣ್ಣದಲ್ಲ. ಶಾಲೆಗೆ, ವಸತಿ ನಿಲಯಕ್ಕೆ ಬೇರೆಯವರಿಗಿರೋ ನಿಯಮದಲ್ಲೇ, ಲೆಕ್ಕಪರಿಶೋಧನೆ ಮಾಡಿಸಿ ಕೊಡಿ. ಬಜೆಟ್ ದಿನ ಮುಖ್ಯಮಂತ್ರಿ ಮಠದ ಹೆಸರು ಓದಿ ಕೋಟಿ ಘೋಷಿಸಿದರೆ, ಮಠ ಅದನ್ನು ವೇದಿಕೆ ಮೇಲೆ ತೀರಿಸಬೇಕಾಗುತ್ತೆ. ಆಶೀರ್ವಾದಕ್ಕೂ ಬಡ್ಡಿ ಬೀಳುತ್ತೆ.

ನಮ್ಮ ಚಾನೆಲ್‌ಗಳ ಮಾತನ್ನೂ ಹೇಳಿಬಿಡ್ತೀನಿ. ಶಾಸಕರೊಬ್ಬರು ಮುಖ್ಯಮಂತ್ರಿ ಬದಲಾಗಬೇಕು ಅಂದರೆ ನಾವು ಹಿಂದೆ ಬಿದ್ದು ಕೇಳ್ತೀವಿ: ನಿಮ್ಮ ಜೊತೆ ಎಷ್ಟು ಜನ ಇದ್ದಾರೆ, ಯಾರು ಹೇಳಿಸಿದ್ದು, ನಿಮಗೇನು ಸಿಗುತ್ತೆ? ಸ್ವಾಮೀಜಿ ಅದೇ ಮಾತು ಹೇಳಿದರೆ ‘ಶ್ರೀಗಳ ಸಂದೇಶ’ ಅಂತ ಪಟ್ಟಿ ಓಡಿಸಿ ಕೈಮುಗೀತೀವಿ. ಚಂದ್ರಶೇಖರನಾಥ ಶ್ರೀಗಳನ್ನು ಆಗ ನಮ್ಮ ಕಾರ್ಯಕ್ರಮಕ್ಕೆ ಕರೆದಿದ್ದೆ. ಬಂದರೆ ಗೌರವದಿಂದ ಕೂರಿಸಿ, ಅವೇ ಮೂರು ಪ್ರಶ್ನೆ ಕೇಳಬೇಕು ಅಂತಿದ್ದೆ. ಪ್ರಶ್ನೆಗಳನ್ನು ಮೊದಲೇ ಕಳಿಸಿದ್ದೆ ಕೂಡ.