ತೂಕ, ಸಕ್ಕರೆ, ರಕ್ತದೊತ್ತಡ: ತಕ್ಕಡಿ ಹೇಳದ ಮಾತು
(ಬ್ರಿಟನ್ನಿನ ಕನ್ನಡ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ನನ್ನ ಚಿಕ್ಕಪ್ಪ ಮಂಡ್ಯದ ಬಳಿ ಕಬ್ಬು ಬೆಳೆಯುತ್ತಿದ್ದವರು. ಕಡ್ಡಿಯಂತಹ ಕೈಕಾಲು, ಪಂಚೆಯ ಕಟ್ಟಿನ ಮೇಲೆ ಮಾತ್ರ ಪುಟ್ಟದೊಂದು ಹೊಟ್ಟೆ. ತಲೆಸುತ್ತೆಂದು ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ ಹೆಚ್ಚಿರುವುದು ತಿಳಿಯಿತು, ಮಾತ್ರೆ ಕೊಟ್ಟರು. ಇಷ್ಟು ತೆಳ್ಳಗಿರುವವರಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬರಬೇಕೆಂದು ಸಕ್ಕರೆಯನ್ನು ಯಾರೂ ಪರೀಕ್ಷಿಸಲಿಲ್ಲ. ತಲೆಸುತ್ತು ನಿಂತ ಮೇಲೆ ಅವರು ಮಾತ್ರೆಯನ್ನೂ ನಿಲ್ಲಿಸಿದರು. ನಾಲ್ಕು ವರ್ಷಗಳ ನಂತರ, ಪಾರ್ಶ್ವವಾಯು ಬಡಿದ ದಿನ, ಸಕ್ಕರೆಯನ್ನು ಮೊದಲ ಬಾರಿಗೆ ಅಳೆದರು. ಆಗ ನಾನು ಇಲ್ಲಿ ಕುಳಿತು ಪಿಎಚ್.ಡಿ. ಪ್ರಬಂಧಕ್ಕೆ ಅಡಿಟಿಪ್ಪಣಿ ಬರೆಯುತ್ತಿದ್ದೆ. ಫೋನಿನಲ್ಲಿ ಚಿಕ್ಕಮ್ಮ ಕೇಳಿದರು: "ಅವ್ರು ಸಿಹಿನೇ ತಿಂತಿರ್ನಿಲ್ಲ ಕಣಪ್ಪ, ದಪ್ಪನೂ ಇರ್ನಿಲ್ಲ. ಯಾಕ್ ಬಂತು?" ಅಂದು ಅವರಿಗೆ ಕೊಡಲಾಗದ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ತೂಕ, ಸಕ್ಕರೆ, ಒತ್ತಡ ಎಂದು ಮೂರು ಚೀಟಿ ಹಿಡಿದು ಮೂರು ಬಾಗಿಲಿಗೆ ಅಲೆಯುವುದು ನಮ್ಮ ರೂಢಿ. ದೇಹದಲ್ಲಿ ಇವು ಸಂಧಿಸುವ ಜಾಗಗಳು ಮೂತ್ರಪಿಂಡ ಮತ್ತು ರಕ್ತನಾಳದ ಒಳಪದರ. ಹೊಟ್ಟೆಯೊಳಗೆ, ಯಕೃತ್ತು ಮತ್ತು ಕರುಳಿನ ಸುತ್ತ ಕೊಬ್ಬು ಸೇರಿದಂತೆ ಸ್ನಾಯುಗಳು ಇನ್ಸುಲಿನ್ನಿನ ಕರೆಗೆ ಕಿವುಡಾಗುತ್ತವೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಕೂಗುತ್ತದೆ. ಸ್ನಾಯು ಕಿವುಡಾದರೂ ಮೂತ್ರಪಿಂಡಕ್ಕೆ ಆ ಕೂಗು ಚೆನ್ನಾಗಿಯೇ ಕೇಳಿಸುತ್ತದೆ; ಅದು ಸೋಡಿಯಂ ಅನ್ನು ಮೂತ್ರಕ್ಕೆ ಬಿಡದೆ ರಕ್ತಕ್ಕೆ ಹಿಂದಿರುಗಿಸುತ್ತದೆ. ಉಪ್ಪು ನಿಂತರೆ ನೀರು ನಿಲ್ಲುತ್ತದೆ, ನೀರು ನಿಂತರೆ ಒತ್ತಡ ಏರುತ್ತದೆ. ಇದರ ಜೊತೆಗೆ ಮೂತ್ರಪಿಂಡವನ್ನು ಸುತ್ತಿದ ಕೊಬ್ಬು ಅದನ್ನು ಹೊರಗಿನಿಂದ ಅದುಮುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ, ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕುಗ್ಗಿ ನಾಳಗಳು ಬಿರುಸಾಗುತ್ತವೆ. ಸೋಸಿಹೋದ ಗ್ಲುಕೋಸನ್ನು ಮೂತ್ರಪಿಂಡ ಮರಳಿ ಹೀರುವಾಗ ಸೋಡಿಯಂ ಕೂಡ ಜೊತೆಯಲ್ಲಿ ಒಳಬರುತ್ತದೆ. ಆ ಬಾಗಿಲನ್ನು ಮುಚ್ಚುವ ಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳು ಸಕ್ಕರೆಗೆಂದು ಬಂದರೂ ರಕ್ತದೊತ್ತಡವನ್ನೂ ತುಸು ಇಳಿಸುತ್ತವೆ.

ಅಮೆರಿಕದ ವೈದ್ಯವಿಜ್ಞಾನಿ ಜೆರಾಲ್ಡ್ ರೀವನ್ 1988ರಲ್ಲಿ ಈ ಕೂಟಕ್ಕೆ 'ಸಿಂಡ್ರೋಮ್ ಎಕ್ಸ್' ಎಂದು ಹೆಸರಿಟ್ಟಾಗ ಬೊಜ್ಜನ್ನು ಅದರ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ದಪ್ಪವಿಲ್ಲದವರಲ್ಲೂ ಇನ್ಸುಲಿನ್ ಪ್ರತಿರೋಧ ಇರಬಲ್ಲದೆಂಬುದು ಅವರಿಗೆ ಗೊತ್ತಿತ್ತು. ನಮಗೆ ಬೇಕಾದ ಸುಳಿವು ಇದೇ. 2004ರಲ್ಲಿ ಪುಣೆಯ ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. 22.3. ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ತಕ್ಕಡಿಗೆ ಇಬ್ಬರೂ ಒಂದೇ. ಇಲ್ಲಿನ ನೈಸ್ ಸಂಸ್ಥೆ 2013ರಲ್ಲಿ ದಕ್ಷಿಣ ಏಷ್ಯಾ ಮೂಲದವರಿಗೆ ಅಪಾಯದ ಗೆರೆಯನ್ನು 25ರಿಂದ 23ಕ್ಕೆ ಇಳಿಸಿತು. ಸೊಂಟದ ಸುತ್ತಳತೆಯಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಚಿಕ್ಕಪ್ಪನ ಪಂಚೆಯ ಕಟ್ಟನ್ನು ಯಾರೂ ಅಳೆಯಲಿಲ್ಲ.

ಈ ಕೊಬ್ಬು ಎಲ್ಲಿಂದ ಬಂತು? ನಮ್ಮಂಥವರ ಬಾಯಿಗೆ ಮೊದಲು ಬರುವ ಉತ್ತರ: ವಸಾಹತು ಕಾಲದ ಕ್ಷಾಮ. ನಾನು ಅಷ್ಟು ಅವಸರಪಡಲಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಆ ಶಿಶುಗಳನ್ನು ಮಧ್ಯವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಸಕ್ಕರೆ ಕಾಯಿಲೆ ಮಾತ್ರ ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ ಹೆಚ್ಚಿತ್ತು. ರಕ್ತದೊತ್ತಡಕ್ಕೂ ಸಣ್ಣಗೆ ಹುಟ್ಟಿದ್ದಕ್ಕೂ ಅಲ್ಲಿ ನಂಟು ಕಾಣಲಿಲ್ಲ. ತಾಯಿಯ ಗರ್ಭದಿಂದಲೇ ಕತೆ ಆರಂಭವಾಗುತ್ತದೆ, ನಿಜ. ಅದು ನಮ್ಮ ಘೋಷಣೆಯಷ್ಟು ನೇರವಾಗಿಲ್ಲ.

ಬಾಯಿಚಪಲದ ಉತ್ತರವಂತೂ ಇನ್ನೂ ದುರ್ಬಲ. ಒಂದು ಕಿಲೋ ತೂಕ ಇಳಿಸಿದರೆ ಒತ್ತಡ ಸರಾಸರಿ 1 ಮಿ.ಮೀ. ಇಳಿಯುತ್ತದೆ, ಇಳಿಸಬಲ್ಲವರು ಇಳಿಸಲಿ. ಆದರೆ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮಾಡಿ ಬೆಳಗಿನ ಬಸ್ಸಿನಲ್ಲಿ ತೂಕಡಿಸುವ ನಮ್ಮ ಹೆಣ್ಣುಮಗಳಿಗೆ ಸಂಯಮದ ಪಾಠ ಹೇಳುವುದು ಯಾವ ನ್ಯಾಯ? ನಿದ್ದೆಗೇಡೇ ಇನ್ಸುಲಿನ್ನಿನ ಕೆಲಸವನ್ನು ಕೆಡಿಸುತ್ತದೆ, ಒತ್ತಡವನ್ನೂ ಏರಿಸುತ್ತದೆ. ಅವಳ ಪಾಳಿಯ ಪಟ್ಟಿಯೂ ವೈದ್ಯಕೀಯ ದಾಖಲೆಯೇ.

ಇದೇ ದೇಶದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಯು.ಕೆ.ಪಿ.ಡಿ.ಎಸ್. ಅಧ್ಯಯನದಲ್ಲಿ, ಸಕ್ಕರೆ ಮತ್ತು ಒತ್ತಡ ಎರಡೂ ಇದ್ದವರನ್ನು ಎರಡು ಗುಂಪು ಮಾಡಿದರು. ಸರಾಸರಿ ಒತ್ತಡ ಒಂದರಲ್ಲಿ 154/87, ಬಿಗಿಯಾಗಿ ನೋಡಿಕೊಂಡ ಇನ್ನೊಂದರಲ್ಲಿ 144/82. ಈ ಎರಡನೆಯ ಗುಂಪಿನಲ್ಲಿ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆಯಾಯಿತು. ಮೇಲಿನ ಅಂಕಿಯಲ್ಲಿ ಅಂತರ ಹತ್ತೇ ಮಿ.ಮೀ. ಚಿಕ್ಕಪ್ಪನ ಸಕ್ಕರೆ ಗೊತ್ತಿದ್ದಿದ್ದರೆ, ಆ ಮಾತ್ರೆಯನ್ನು ನಿಲ್ಲಿಸಲೇಬಾರದವರು ಅವರೆಂದು ಯಾರಾದರೂ ಹೇಳುತ್ತಿದ್ದರೇನೋ.

ಸಂಘಟಕರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವದ ದಿನ ಬಿಸಿಬೇಳೆಬಾತಿನ ಸಾಲಿನ ಪಕ್ಕ ಒಂದು ಮೇಜು ಹಾಕೋಣ: ಒತ್ತಡದ ಯಂತ್ರ, ಅಳತೆಪಟ್ಟಿ, ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಸಾಧನ. ಸಮಾರಂಭವನ್ನು ಶನಿವಾರ ಸಂಜೆಗೆ ಇಡಬೇಡಿ. ಟ್ಯಾಕ್ಸಿ ಓಡಿಸುವವರೂ ಆರೈಕೆಯ ಕೆಲಸದವರೂ ಆಗ ಬರಲಾರರು. ಅವರಿಗೆ ಯಾವ ಹೊತ್ತು ಬಿಡುವೆಂದು ಮೊದಲು ಕೇಳಿ, ಆಮೇಲೆ ಸಭಾಂಗಣ ಗೊತ್ತುಮಾಡಿ.